ಹುಳುವಿಗೆ ಸೆಲ್ಸಿಯಸ್, ಮಗುವಿಗೆ ಫ್ಯಾರನ್‌ಹೀಟ್

ರಾಮನಗರ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ಬೆಳೆಗಾರರ ಮನೆಯಲ್ಲಿ ಎರಡು ಥರ್ಮಾಮೀಟರ್ ಇರುವುದು ಅಪರೂಪವೇನಲ್ಲ. ಒಂದು ಹುಳುಮನೆಯ ಗೋಡೆಗೆ ತೂಗುಬಿದ್ದಿರುತ್ತದೆ, ಇನ್ನೊಂದು ಔಷಧಿ ಡಬ್ಬಿಯಲ್ಲಿರುತ್ತದೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27 ಡಿಗ್ರಿ ಕಾಯ್ದುಕೊಳ್ಳುವ ರೈತನೇ ಮಗುವಿನ ಕಂಕುಳಿಗೆ ಥರ್ಮಾಮೀಟರ್ ಇಟ್ಟು ‘ನೂರೆರಡು ಇದೆ’ ಎಂದು ಡಾಕ್ಟರ ಬಳಿ ಓಡುತ್ತಾನೆ. ಮೊದಲನೆಯದು ಸೆಲ್ಸಿಯಸ್, ಎರಡನೆಯದು ಫ್ಯಾರನ್‌ಹೀಟ್. ಒಂದೇ ಸೂರಿನಡಿ ಎರಡೂ ನಡೆಯುತ್ತವೆ.

ಫ್ಯಾರನ್‌ಹೀಟ್ ಮಾಪಕ 1724ರದು, ಸೆಲ್ಸಿಯಸ್ 1742ರದು. ನೀರು ಹೆಪ್ಪುಗಟ್ಟುವುದು ಒಂದರಲ್ಲಿ 32, ಇನ್ನೊಂದರಲ್ಲಿ 0. ಕುದಿಯುವುದು 212 ಮತ್ತು 100. 1956ರ ಕಾಯ್ದೆಯೊಂದಿಗೆ ಭಾರತ ಮೆಟ್ರಿಕ್ ಪದ್ಧತಿಗೆ ಹೊರಳಿತು, ಹವಾಮಾನದ ಸುದ್ದಿಯೂ ಸೆಲ್ಸಿಯಸ್‌ಗೆ ಬಂತು. ಜ್ವರ ಮಾತ್ರ ಜನರ ಬಾಯಲ್ಲಿ ಹಳೆಯ ಲೆಕ್ಕದಲ್ಲೇ ಉಳಿಯಿತು.

ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ ಹೋಗಲು ಬಾಯಿಲೆಕ್ಕ ಸಾಕು. ಅಂಕಿಯನ್ನು ಎರಡರಷ್ಟು ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೆದು, 32 ಕೂಡಿಸಬೇಕು. ದೊಡ್ಡ ಹುಳುಗಳಿಗೆ ಹಿತವಾದ 25 ಡಿಗ್ರಿಯನ್ನೇ ನೋಡಿ: ಎರಡರಷ್ಟು 50, ಐದು ಕಳೆದರೆ 45, 32 ಸೇರಿದರೆ 77. ಇದು ಅಂದಾಜಲ್ಲ, ಕರಾರುವಾಕ್ಕು ಲೆಕ್ಕವೇ.

ನಿಜವಾಗಿ ಎಡವುವ ಜಾಗ ಬೇರೆ ಇದೆ. ಹುಳುಮನೆಯಲ್ಲಿ ತೇವಾಂಶ ಅಳೆಯಲು ಜೋಡಿ ಥರ್ಮಾಮೀಟರ್ ಬಳಸುತ್ತಾರೆ. ಒಂದರ ಬುರುಡೆ ಒಣಗಿರುತ್ತದೆ, ಇನ್ನೊಂದರ ಬುರುಡೆಗೆ ಒದ್ದೆ ಬತ್ತಿ ಸುತ್ತಿರುತ್ತದೆ. ಬತ್ತಿಯ ನೀರು ಆರುತ್ತಾ ಒದ್ದೆ ಬುರುಡೆ ತಂಪಾಗುತ್ತದೆ. ಎರಡರ ನಡುವಿನ ಅಂತರವನ್ನು ಪಟ್ಟಿಯಲ್ಲಿ ನೋಡಿದರೆ ತೇವಾಂಶ ಸಿಗುತ್ತದೆ. ಒಣ ಬುರುಡೆ 27, ಒದ್ದೆಯದು 25 ಸೆಲ್ಸಿಯಸ್ ತೋರಿಸಿದರೆ ಅಂತರ 2, ತೇವಾಂಶ ಸುಮಾರು ಶೇ 85. ಚಾಕಿಗೆ ಬೇಕಾದದ್ದು ಶೇ 80ರಿಂದ 90, ಹಾಗಾಗಿ ಎಲ್ಲವೂ ಸರಿಯಿದೆ. ಈಗ ಅದೇ ಥರ್ಮಾಮೀಟರಿನ ಫ್ಯಾರನ್‌ಹೀಟ್ ಗೆರೆ ಓದಿದರೆ 80.6 ಮತ್ತು 77, ಅಂತರ 3.6. ಆ 3.6ನ್ನು ಸೆಲ್ಸಿಯಸ್ ಪಟ್ಟಿಯಲ್ಲಿ ಹುಡುಕಿದರೆ ತೇವಾಂಶ ಶೇ 74ರ ಆಸುಪಾಸು ಎಂದು ಬರುತ್ತದೆ. ಕೋಣೆ ಒಣಗಿದೆಯೆಂದು ಒದ್ದೆ ಗೋಣಿಚೀಲ ಕಟ್ಟಿದರೆ, ಸರಿಯಾಗಿದ್ದ ಮನೆಗೆ ಬೇಡದ ತೇವ ಸೇರುತ್ತದೆ. ಸುಣ್ಣಕಟ್ಟು ರೋಗದ ಬೂಷ್ಟಿಗೆ ಬೇಕಾದದ್ದೇ ಅದು. ಒಂದು ಬೆಳೆ ಕೈಕೊಟ್ಟರೆ ರೈತನಿಗೆ ಆಗುವ ನಷ್ಟ ಸಣ್ಣದಲ್ಲ. ಪಟ್ಟಿಯ ತಲೆಯಲ್ಲಿ ‘ಸೆಲ್ಸಿಯಸ್’ ಎಂದು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುವುದು ದುಬಾರಿ ಕೆಲಸವೇನೂ ಅಲ್ಲ, ಅದು ಆಗಲೇಬೇಕು.

ಅಂತರದ ಲೆಕ್ಕದಲ್ಲಿ 32ಕ್ಕೆ ಜಾಗವಿಲ್ಲ ಎಂಬುದನ್ನೂ ಗಮನಿಸಬೇಕು. ಚಳಿಗಾಲದ ರಾತ್ರಿ ಹುಳುಮನೆಯ ಕಾವು 5 ಸೆಲ್ಸಿಯಸ್ ಇಳಿದರೆ ಫ್ಯಾರನ್‌ಹೀಟ್‌ನಲ್ಲಿ ಇಳಿದದ್ದು 9, 41 ಅಲ್ಲ. ಒಂದು ಸೆಲ್ಸಿಯಸ್‌ನ ಏರಿಳಿತ 1.8 ಫ್ಯಾರನ್‌ಹೀಟ್‌ಗೆ ಸಮ. ಒಂದು ತಾಪಮಾನವನ್ನು ಬದಲಿಸುವಾಗ 32 ಬೇಕು. ಎರಡರ ನಡುವಿನ ವ್ಯತ್ಯಾಸಕ್ಕೆ ಬೇಡ.

ಅಮೆರಿಕದಲ್ಲಿರುವ ಮಗ ಫೋನಿನಲ್ಲಿ ‘ಇವತ್ತು ಇಲ್ಲಿ ನೂರು ಡಿಗ್ರಿ’ ಎಂದರೆ ಚನ್ನಪಟ್ಟಣದ ತಾಯಿ ಗಾಬರಿಯಾಗಬೇಕಿಲ್ಲ. ಅದು 37.8 ಸೆಲ್ಸಿಯಸ್, ಇಲ್ಲಿಯ ಏಪ್ರಿಲ್ ಮಧ್ಯಾಹ್ನಕ್ಕೆ ಹೊಸದಲ್ಲ.

ಫ್ಯಾರನ್‌ಹೀಟ್‌ನಿಂದ ಹಿಂದಕ್ಕೆ ಬರಲು 32 ಕಳೆದು, ಉಳಿದದ್ದನ್ನು ಅರ್ಧ ಮಾಡಿ, ಆ ಅರ್ಧಕ್ಕೆ ಅದರದೇ ಹತ್ತನೇ ಒಂದು ಭಾಗ ಸೇರಿಸುವುದುಂಟು. ಬಿಸಿಲಿನ ಸುದ್ದಿಗೆ ಇದು ಸಾಕು. ಜ್ವರಕ್ಕೆ ಸಾಲದು: 102 ಈ ದಾರಿಯಲ್ಲಿ 38.5 ಆಗುತ್ತದೆ, ನಿಜಕ್ಕೆ ಅದು 38.9. ಅದಕ್ಕಿಂತ ನಾಲ್ಕು ಜೋಡಿ ಬಾಯಿಪಾಠ ಮಾಡುವುದು ಮೇಲು: 98.6ಕ್ಕೆ 37, 100.4ಕ್ಕೆ 38, 102.2ಕ್ಕೆ 39, 104ಕ್ಕೆ 40. ಈಗಿನ ಹಲವು ಡಿಜಿಟಲ್ ಥರ್ಮಾಮೀಟರ್‌ಗಳಲ್ಲಿ ಗುಂಡಿ ಒತ್ತಿದರೆ ಮಾಪಕವೇ ಬದಲಾಗುತ್ತದೆ. ‘ಮೂವತ್ತೆಂಟು ಅಷ್ಟೇ ತಾನೇ’ ಎಂದು ಸುಮ್ಮನಾಗುವ ಅಪಾಯ ಇರುವುದು ಅಲ್ಲೇ. ಮೂರು ತಿಂಗಳೊಳಗಿನ ಕೂಸಿಗೆ 38 ಸೆಲ್ಸಿಯಸ್ ಮುಟ್ಟಿದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.