ದೂರದೇಶದ ದಂಡಯಾತ್ರೆಯೂ ಮನೆಯವರ ಮಾತೂ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಬಂಜಾರರ ಪರಮಪೂಜ್ಯರಾದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಬಂಜಾರರು, ಎಂದರೆ ನಮ್ಮ ಕಡೆಯ ಲಂಬಾಣಿಗರು, ಹಿಂದಿನ ಕಾಲದಲ್ಲಿ ಎತ್ತುಗಳ ಮೇಲೆ ದವಸಧಾನ್ಯಗಳನ್ನು ಹೇರಿಕೊಂಡು ದಂಡುಗಳ ಬೆನ್ನಹಿಂದೆ ನಡೆಯುತ್ತಿದ್ದರು. ದಂಡು ಏತಕ್ಕೆ ಹೊರಡಬೇಕೆಂದು ಅವರನ್ನು ಕೇಳುವವರಾರು? ಯುದ್ಧದ ನಿರ್ಣಯವು ದೊರೆಗಳದು, ಅದರ ಹೊರೆಯು ಪ್ರಜೆಗಳದು ಎಂಬುದೇ ಆಗಿನ ನಡೆವಳಿಕೆಯಾಗಿದ್ದಿತು. ಅದು ಈಗ ಎಷ್ಟರಮಟ್ಟಿಗೆ ಬದಲಾಗಿದೆಯೆಂಬುದನ್ನು ವಾಚಕರೊಡನೆ ಕುಳಿತು ವಿಚಾರಮಾಡಬಯಸುತ್ತೇವೆ.

1914ರಲ್ಲಿ ಯೂರೋಪಿನ ಮಹಾಯುದ್ಧವು ಮೊದಲಾದಾಗ ಮೈಸೂರು ಸಂಸ್ಥಾನವು 50 ಲಕ್ಷ ರೂಪಾಯಿಗಳನ್ನು ಕೊಟ್ಟು, ತನ್ನ ರಾವುತರನ್ನು ಈಜಿಪ್ಟಿಗೆ ಕಳುಹಿಸಿತು. 1918ರ ಸೆಪ್ಟೆಂಬರ್ 23ರಂದು ಅವರು ಜೋಧಪುರದ ರಾವುತರೊಡನೆ ಹೈಫಾ ಪಟ್ಟಣವನ್ನು ಗೆದ್ದ ಪರಾಕ್ರಮವು ನಮಗೆಲ್ಲ ಹೆಮ್ಮೆಯದೇ ಸರಿ. ಆದರೆ ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆಯಿದ್ದರೂ, ದಂಡನ್ನು ಕಡಲಾಚೆಗೆ ಕಳುಹಿಸಬೇಕೆ ಬೇಡವೆ ಎಂದು ನಿರ್ಣಯಿಸುವ ಅಧಿಕಾರವು ಅದಕ್ಕಿರಲಿಲ್ಲ.

1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಅವರು ಜನನಾಯಕರ ಅಭಿಪ್ರಾಯವನ್ನು ಕೇಳದೆಯೇ ಭಾರತವೂ ಯುದ್ಧದಲ್ಲಿದೆಯೆಂದು ಸಾರಿದರು. ಇದನ್ನು ಪ್ರತಿಭಟಿಸಿ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆಯನ್ನಿತ್ತುವು. ದಂಡು ಹೋಗುವುದೇನೋ ನಿಲ್ಲಲಿಲ್ಲ. ಆದರೆ ಕೇಳದೆ ಕೈಗೊಂಡ ಯುದ್ಧವು ತಮ್ಮದಲ್ಲವೆಂಬ ಭಾವನೆಯು ಅನೇಕರಲ್ಲಿ ಬೇರೂರಿತು.

ಸ್ವಾತಂತ್ರ್ಯವು ಬಂದ ಬಳಿಕ ನಿರ್ಣಯವು ನಮ್ಮವರ ಕೈಗೇ ಬಂದಿತು. 1950ರ ಕೊರಿಯಾ ಯುದ್ಧಕ್ಕೆ ಭಾರತವು ಕಾದುವ ಸೈನ್ಯವನ್ನು ಕಳುಹಿಸದೆ, ಗಾಯಾಳುಗಳ ಶುಶ್ರೂಷೆಗಾಗಿ ವೈದ್ಯದಳವನ್ನು ಮಾತ್ರ ಕಳುಹಿಸಿತು. 1953ರಲ್ಲಿ ಯುದ್ಧಕೈದಿಗಳ ವಿಚಾರವನ್ನು ಇತ್ಯರ್ಥಗೊಳಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೇ ಅಧ್ಯಕ್ಷರಾದರು.

ಮುಂದಿನ ಎರಡು ಪ್ರಸಂಗಗಳನ್ನು ತಕ್ಕಡಿಯಲ್ಲಿಟ್ಟು ನೋಡಬೇಕು. 1987ರ ಜುಲೈ 29ರಂದು ಶ್ರೀಲಂಕಾದೊಡನೆ ಒಪ್ಪಂದವಾದೊಡನೆಯೇ ನಮ್ಮ ಶಾಂತಿಪಾಲನಾ ಪಡೆಯು ಅಲ್ಲಿಗೆ ತೆರಳಿತು. ಜನರ ಚರ್ಚೆಯು ಬಲಗೊಂಡುದು ಸಾವುನೋವುಗಳ ವರ್ತಮಾನ ಬಂದ ಮೇಲೆಯೇ. 1990ರ ಮಾರ್ಚಿಯಲ್ಲಿ ಪಡೆಯು ಹಿಂದಿರುಗುವಷ್ಟರಲ್ಲಿ ಸುಮಾರು 1,200 ಮಂದಿ ಯೋಧರು ಮಡಿದಿದ್ದರು. 2003ರಲ್ಲಾದರೋ ಇರಾಕಿಗೆ ಸೈನ್ಯವನ್ನು ಕಳುಹಿಸಬೇಕೆಂದು ಅಮೆರಿಕವು ಕೇಳಿಕೊಂಡಾಗ, ದೇಶದಲ್ಲಿ ಮೊದಲೇ ವಿರೋಧವು ಪ್ರಬಲವಾಗಿದ್ದಿತು. ಏಪ್ರಿಲ್ ತಿಂಗಳಲ್ಲಿ ಪಾರ್ಲಿಮೆಂಟು ಆ ಯುದ್ಧವನ್ನು ಖಂಡಿಸಿ ನಿರ್ಣಯವನ್ನು ಅಂಗೀಕರಿಸಿದ್ದಿತು. ಜುಲೈ 14ರಂದು ಸರಕಾರವು, ವಿಶ್ವಸಂಸ್ಥೆಯ ಸ್ಪಷ್ಟವಾದ ಆದೇಶವಿಲ್ಲದೆ ಸೈನ್ಯವನ್ನು ಕಳುಹಿಸಲಾಗದೆಂದು ತಿಳಿಸಿತು.

ಜನಾಭಿಪ್ರಾಯವು ಹಡಗು ಹೊರಡುವುದಕ್ಕೆ ಮೊದಲೇ ರೂಪುಗೊಂಡರೆ ನಿರ್ಣಯವನ್ನೇ ತಿದ್ದಬಲ್ಲುದು. ಹೊರಟ ಮೇಲೆ ಹುಟ್ಟಿದರೆ ಹಿಂದಕ್ಕೆ ಕರೆಯಿಸಬಲ್ಲುದು, ಮಡಿದವರನ್ನು ತರಲಾರದು. ಸೈನ್ಯವನ್ನು ಹೊರಗೆ ಕಳುಹಿಸುವ ಮುನ್ನ ಪಾರ್ಲಿಮೆಂಟಿನ ಅನುಮತಿಯನ್ನು ಪಡೆಯಲೇಬೇಕೆಂದು ನಮ್ಮ ಸಂವಿಧಾನವು ವಿಧಿಸಿಲ್ಲವಾದುದರಿಂದ, ಗೃಹಸ್ಥರ ಎಚ್ಚರಿಕೆಗೆ ಇಮ್ಮಡಿ ಬೆಲೆಯಿದೆ. ಯಾರ ಕೋರಿಕೆಯ ಮೇಲೆ, ಯಾವ ಕೆಲಸಕ್ಕೆ, ಎಷ್ಟು ಕಾಲ, ಹಿಂದಿರುಗುವ ದಾರಿಯೇನು—ಈ ನಾಲ್ಕು ಪ್ರಶ್ನೆಗಳನ್ನು ಪತ್ರಿಕೆಯನ್ನೋದುವ ಪ್ರತಿಯೊಂದು ಮನೆಯೂ ಕೇಳುವುದಾಗಲಿ. ಹಾಗೆ ಕೇಳುವುದು ಯೋಧನಿಗೆ ತೋರುವ ಅಗೌರವವಲ್ಲ. ಅವನ ಪ್ರಾಣಕ್ಕೆ ನಾವು ಕಟ್ಟುವ ಬೆಲೆ.