ರೋಗಿಯ ಬಳಿಗೆ ಮೊಗ್ಗು
ರೋಗಿಯನ್ನು ಕಾಣಹೋಗುವಾಗ ಕಿತ್ತಳೆ, ಮೂಸಂಬಿಗಳನ್ನು ಒಯ್ಯುವುದು ನಮ್ಮವರ ರೂಢಿ. ಹೂವೇನಿದ್ದರೂ ದೇವರಿಗೆ, ಮುಡಿಗೆ. ಹೆರಳು ಹಾಕಿಕೊಳ್ಳಲೂ ತ್ರಾಣವಿಲ್ಲದೆ ಮಲಗಿದವಳಿಗೆ ಮಾಲೆಯೇಕೆಂದು ಕೇಳುವವರುಂಟು. ಮಾಲೆ ಬೇಡ, ಹಿಡಿ ಮೈಸೂರು ಮಲ್ಲಿಗೆಯ ಮೊಗ್ಗು ಸಾಕು. (ಸಂಪಿಗೆ, ಕೇದಗೆಗಳ ಕಡುಗಂಪು ಜ್ವರದ ತಲೆಗೆ ಭಾರ. ತೀವ್ರ ನಿಗಾ ಘಟಕದೊಳಕ್ಕಂತೂ ಹೂವನ್ನು ಸಾಮಾನ್ಯವಾಗಿ ಬಿಡುವುದೇ ಇಲ್ಲ.) ಮುಂಜಾನೆ ಕೊಯ್ದ ಮೊಗ್ಗು ಬಿರಿಯುವುದು ಸಂಜೆಗೆ. ರೋಗಿಯ ದೀರ್ಘವಾದ ಹಗಲಿಗೆ ಕಾಯುವುದಕ್ಕೊಂದು ನೆವ ಬೇಕು.

ನಮ್ಮ ಮನೆಯಾಕೆ ಶಸ್ತ್ರಚಿಕಿತ್ಸೆಯಾದ ತರುವಾಯ ತಿಂಗಳೊಪ್ಪತ್ತು ಗೋಡೆಯತ್ತ ಮುಖಮಾಡಿ ಮಲಗಿರುತ್ತಿದ್ದಳು. ಊಟ ಬೇಡ, ಮಾತು ಬೇಡ. ತಟ್ಟೆಯ ನೀರಿನಲ್ಲಿ ಮೊಗ್ಗುಗಳನ್ನು ತೇಲಿಬಿಟ್ಟು ಹಾಸಿಗೆಯ ಬಳಿ ಇರಿಸಿದ ದಿನ ಈಚೆಗೆ ಹೊರಳಿದಳು. ದೀಪ ಹಚ್ಚುವ ಹೊತ್ತಿಗೆ ಎಣಿಕೆ ನಡೆದಿತ್ತು: “ಇನ್ನೂ ನಾಲ್ಕು ಅರಳಬೇಕು, ನೋಡಿ.” ಎಂಟು ಗಂಟೆಗೆ ತಾನಾಗಿಯೇ ಗಂಜಿ ಕೇಳಿದಳು.