ಆಗಸ್ಟ್ ಒಂದರಂದು ಏಳದ ಯಂತ್ರ

ಜೂನ್ 1ರಿಂದ ಜುಲೈ 31ರವರೆಗಿನ 61 ದಿವಸಗಳ ಕಾಲ, ಪಶ್ಚಿಮ ಕರಾವಳಿಯ ಯಾಂತ್ರೀಕೃತ ಬೋಟುಗಳಿಗೆ ಕಡಲು ನಿಷಿದ್ಧವಾಗಿರುವಾಗ, ಭಟ್ಕಳದ ಮಾವಿನಕುರ್ವೆ ಬಂದರು ಮೊದಲ್ಗೊಂಡು ಹೊನ್ನಾವರದ ಕಾಸರಕೋಡು, ಕುಮಟೆಯ ತದಡಿಯವರೆಗೆ ಸಾಲುಗಟ್ಟಿ ತಂಗಿದ ಬೋಟುಗಳ ಮೇಲೆ ಮಳೆ ಎಡೆಬಿಡದೆ ಸುರಿಯುತ್ತಿರುತ್ತದೆ. ಮುರ್ಡೇಶ್ವರದ ಸುತ್ತಣ ಮಾವಳ್ಳಿಯ ಮರಳಿನ ಮೇಲೆ ಎಳೆದಿಟ್ಟ ಸಣ್ಣ ದೋಣಿಗಳಿಗೆ ತೆಂಗಿನ ಗರಿಯದೋ ಪ್ಲಾಸ್ಟಿಕ್ಕಿನದೋ ಹೊದಿಕೆಯಾದರೂ ದೊರೆಯುತ್ತದೆ. ಆ ಎರಡು ತಿಂಗಳು ಬೋಟಿನ ಒಡೆಯನಿಗೆ ಬಿಡುವಿನ ಕಾಲವೇನೂ ಅಲ್ಲ. ಹರಿದ ಬಲೆಗಳು ಹೆಣಿಗೆಗೆ ಬರುತ್ತವೆ, ಇಂಜಿನ್ನು ಕಳಚಲ್ಪಡುತ್ತದೆ, ಹಲಗೆಗಳಿಗೆ ಬಣ್ಣ ಬೀಳುತ್ತದೆ. ಆದರೆ ಚುಕ್ಕಾಣಿಯ ಕೋಣೆಯಲ್ಲಿ ಸ್ಕ್ರೂ ಬಿಗಿದು ನಿಲ್ಲಿಸಿದ ಮೂರು ಪುಟ್ಟ ಪೆಟ್ಟಿಗೆಗಳನ್ನು, ಎಂದರೆ ಜಿಪಿಎಸ್, ಫಿಶ್ ಫೈಂಡರ್ ಮತ್ತು ವಯರ್‌ಲೆಸ್ಸುಗಳನ್ನು, ವಿಚಾರಿಸುವವರು ಮಾತ್ರ ವಿರಳ.

ಇವುಗಳ ಯೋಗ್ಯತೆ ಪರೀಕ್ಷೆಗೆ ಒಳಗಾಗುವುದು ಋತು ಆರಂಭವಾಗುವ ದಿವಸವೇ. ಮಂಜುಗಡ್ಡೆ ತುಂಬಿ, ಡೀಸೆಲ್ ಹಾಕಿಸಿ, ಪೂಜೆ ಮುಗಿಸಿ, ಬೋಟು ನಡೆಸುವ ತಂಡೇಲನು ಸ್ವಿಚ್ಚು ಒತ್ತಿದಾಗ, ಒಂದು ಸೆಟ್ಟು ತಯಾರಕನ ಹೆಸರನ್ನು ತೋರಿಸಿ ಅಲ್ಲಿಯೇ ಸ್ತಬ್ಧವಾಗುತ್ತದೆ. ಇನ್ನೊಂದು ಬೆಳಕನ್ನು ಬೀರಿಯೂ ಯಾವ ಗುಂಡಿಯ ಮಾತನ್ನೂ ಕೇಳುವುದಿಲ್ಲ. ಮತ್ತೊಂದು ಕಣ್ಣನ್ನೇ ತೆರೆಯುವುದಿಲ್ಲ. ಖಲಾಸಿಗಳು ‘ಹ್ಯಾಂಗ್ ಆಗಿದೆ’ ಎನ್ನುತ್ತಾರೆ. ಅಂಗಡಿಯವನು ಮೇಲುಮೇಲಕ್ಕೆ ನೋಡಿ ‘ಬೋರ್ಡು ಹೋಗಿದೆ’ ಎನ್ನುತ್ತಾನೆ. ಮೊದಲನೆಯದು ಕಂಡದ್ದನ್ನು ಕಂಡಂತೆ ಹೇಳಿದ ಮಾತು, ಅದರಲ್ಲಿ ದೋಷವಿಲ್ಲ. ಎರಡನೆಯದು ತೀರ್ಪು, ವಿಚಾರಣೆ ನಡೆಯುವುದಕ್ಕೆ ಮುಂಚೆಯೇ ಹೊರಬಿದ್ದ ತೀರ್ಪು. ಅದು ಹೇಳುವವನಿಗೆ ಎಷ್ಟು ಸುಲಭವೋ ಕೇಳುವವನಿಗೆ ಅಷ್ಟೇ ದುಬಾರಿ.

ನಿರುತ್ತರವಾದ ಯಂತ್ರಗಳೆಲ್ಲ ಒಂದೇ ಕಾರಣದಿಂದ ನಿರುತ್ತರವಾಗಿರುವುದಿಲ್ಲವೆಂಬುದನ್ನು ಮೊದಲು ಮನಗಾಣಬೇಕು. ಆಹಾರವಿಲ್ಲದೆ, ಅಂದರೆ ವಿದ್ಯುತ್ತಿಲ್ಲದೆ, ಬಿದ್ದಿರುವುದು ಒಂದು ಬಗೆ. ವಿದ್ಯುತ್ತು ತಲಪಿಯೂ ಒಳಗಿನ ಮಿದುಳಾದ ಮೈಕ್ರೋಕಂಟ್ರೋಲರು ತನ್ನ ಕೆಲಸವನ್ನು ಆರಂಭಿಸಲಾರದೆ ನಿಂತಿರುವುದು ಎರಡನೆಯ ಬಗೆ. ಒಳಗಿನ ಲೆಕ್ಕಾಚಾರವೆಲ್ಲ ಯಥಾಸ್ಥಿತಿಯಲ್ಲಿ ಸಾಗುತ್ತಿದ್ದು, ಅದನ್ನು ಹೊರಗೆ ಹೇಳುವ ಪರದೆಯೋ, ಹೊರಗಿನದನ್ನು ಕೇಳಿಸಿಕೊಳ್ಳುವ ಗುಂಡಿಗಳೋ ಕೆಟ್ಟಿರುವುದು ಮೂರನೆಯ ಬಗೆ. ಈ ಮೂರೂ ಹೊರನೋಟಕ್ಕೆ ಒಂದೇ ತೆರನಾಗಿ ತೋರುತ್ತವೆ. ಇವುಗಳನ್ನು ಬೇರ್ಪಡಿಸುವುದರಲ್ಲಿಯೇ ರಿಪೇರಿಯ ವಿದ್ಯೆಯ ಬಹುಭಾಗವಿದೆ; ಸೋಲ್ಡರ್ ಹಿಡಿಯುವುದು ಆಮೇಲಿನ ಕೆಲಸ.

ವಿದ್ಯುತ್ತಿನ ವಿಚಾರದಲ್ಲಿ ನಮ್ಮ ಕರಾವಳಿಯ ಅನುಭವಸ್ಥರು ಅನುಸರಿಸುವ ಕ್ರಮ ಬಹು ಸರಳವಾದದ್ದು. ಬ್ಯಾಟರಿಯ ತುದಿಗಳಲ್ಲಿ ಮೀಟರ್ ಹನ್ನೆರಡೂವರೆ ವೋಲ್ಟು ತೋರಿಸಿತೆಂದು ಅವರು ಸಮಾಧಾನಪಟ್ಟುಕೊಳ್ಳುವುದಿಲ್ಲ. ಸೆಟ್ಟನ್ನು ಚಾಲೂ ಮಾಡಿಟ್ಟುಕೊಂಡು, ಅದರ ಬೆನ್ನಿಗೆ ಸೇರುವ ಜಾಗದಲ್ಲಿಯೇ ಮತ್ತೆ ಅಳೆಯುತ್ತಾರೆ. ದಾರಿಯಲ್ಲಿ ಎಲ್ಲೋ ಫ್ಯೂಸಿನ ಹಿಡಿಕೆಯಲ್ಲಿ, ಎಲ್ಲೋ ತಾಮ್ರದ ತಂತಿಯನ್ನು ತಿರುಚಿ ಟೇಪು ಸುತ್ತಿದ ಗಂಟಿನಲ್ಲಿ, ಹಸುರು ಕಿಲುಬು ಕೂತಿದ್ದರೆ, ಭಾರವಿಲ್ಲದಾಗ ಕಾಣುವ ವೋಲ್ಟೇಜು ಭಾರ ಬಿದ್ದಾಗ ಕಾಣದೆ ಹೋಗುತ್ತದೆ. ಇನ್ನೂ ಕುಟಿಲವಾದ ಸಂದರ್ಭವೊಂದುಂಟು. ಇಂಜಿನ್ನಿನ ಸ್ಟಾರ್ಟರು ತಿರುಗುವ ಕ್ಷಣದಲ್ಲಿ ಅದು ಬ್ಯಾಟರಿಯಿಂದ ಅಪಾರ ಕರೆಂಟನ್ನು ಸೆಳೆಯುವುದರಿಂದ, ಸೆಟ್ಟಿಗೆ ದೊರೆಯುವ ವೋಲ್ಟೇಜು ಅರೆಗಳಿಗೆ ಕುಸಿದು ಮತ್ತೆ ಏರುತ್ತದೆ. ಪೂರ್ತಿ ಆರಿಹೋಗಿದ್ದರೆ ಚಿಂತೆಯಿರಲಿಲ್ಲ, ಮೈಕ್ರೋಕಂಟ್ರೋಲರು ಮೊದಲಿನಿಂದ ಎದ್ದುಕೊಳ್ಳುತ್ತಿತ್ತು. ಅರ್ಧಕ್ಕೆ ಕುಸಿದಾಗ ಅದರ ಸ್ಮೃತಿಯ ಒಂದು ಭಾಗ ಉಳಿದು ಒಂದು ಭಾಗ ಅಳಿದು, ಎಲ್ಲಿದ್ದೇನೆಂಬುದೇ ತಿಳಿಯದ ಸ್ಥಿತಿಯಲ್ಲಿ ಅದು ನಿಂತುಬಿಡುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಈ ಕುಸಿತವನ್ನು ಗುರುತಿಸಿ ತಾನಾಗಿಯೇ ರೀಸೆಟ್ ಮಾಡುವ ಏರ್ಪಾಡಿರುತ್ತದೆ. ಅಗ್ಗದವುಗಳಲ್ಲಿ ಇರುವುದಿಲ್ಲ, ಅಥವಾ ಇದ್ದೂ ಬಳಕೆಯಾಗಿರುವುದಿಲ್ಲ.

ಆದರೆ ಈ ನಾಡಿನಲ್ಲಿ ಎಲ್ಲ ರೋಗಗಳ ಮೂಲದಲ್ಲಿರುವುದು ಉಪ್ಪು. ಅಡಿಗೆ ಉಪ್ಪು ಒಣಗಿರುವಷ್ಟು ಹೊತ್ತು ವಿದ್ಯುತ್ತಿಗೆ ನಿರಪಾಯಕಾರಿ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 75ನ್ನು ದಾಟಿತೆಂದರೆ ಅದು ಗಾಳಿಯಿಂದಲೇ ನೀರನ್ನು ಹೀರಿ ದ್ರವವಾಗುತ್ತದೆ. ಆಷಾಢ ಶ್ರಾವಣಗಳಲ್ಲಿ ಭಟ್ಕಳದಿಂದ ಕುಮಟೆಯವರೆಗಿನ ಗಾಳಿ ಈ ಮಿತಿಗಿಂತ ಕೆಳಗಿಳಿಯುವುದು ಅಪರೂಪ. ಆದುದರಿಂದ ಅಲೆಯ ತುಂತುರಿನೊಡನೆ ಪೆಟ್ಟಿಗೆಯ ಸೀಳಿನಲ್ಲಿ ಹೊಕ್ಕು ಎಂಟು ಹತ್ತು ತಿಂಗಳು ನಿರುಪದ್ರವಿಯಾಗಿ ಕುಳಿತಿದ್ದ ಲವಣದ ಧೂಳು, ನಿಷೇಧದ ಆ ಎರಡು ತಿಂಗಳಲ್ಲಿಯೇ, ಸೆಟ್ಟು ಬಿಸಿಯಾಗುವ ಅವಕಾಶವೂ ಇಲ್ಲದೆ ತಣ್ಣಗೆ ಬಿದ್ದಿರುವಾಗಲೇ, ಬೋರ್ಡಿನ ಮೇಲೆ ಸೂಕ್ಷ್ಮವಾದ ನೀರಿನ ಪದರವಾಗಿ ಹರಡುತ್ತದೆ. ಒಂದು ಮಿಲಿಮೀಟರಿಗಿಂತ ಕಡಿಮೆ ಅಂತರದಲ್ಲಿರುವ ಐಸಿಯ ಕಾಲುಗಳ ನಡುವೆ ಅದು ಸೇತುವೆಯಾಗುತ್ತದೆ. ರೀಸೆಟ್ಟಿನ ಕಾಲಿಗೆ ಹೀಗೆ ಸೋರಿಕೆಯುಂಟಾದರೆ ಮೈಕ್ರೋಕಂಟ್ರೋಲರು ಏಳುವುದಕ್ಕೇ ಅಪ್ಪಣೆ ದೊರೆಯದು. ಕಾಲಗತಿಯನ್ನು ನೀಡುವ ಕ್ರಿಸ್ಟಲ್ಲಿನ ಕಾಲಿಗಾದರೆ ಅದರ ಸ್ಪಂದನವೇ ನಿಲ್ಲುತ್ತದೆ. ಇಲ್ಲಿ ಸುಟ್ಟುಹೋದ ಭಾಗ ಒಂದೂ ಇರುವುದಿಲ್ಲ. ಶುದ್ಧವಾದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮೃದುವಾದ ಕುಂಚವನ್ನದ್ದಿ ತೊಳೆದು, ಚೆನ್ನಾಗಿ ಒಣಗಿಸಿದರೆ, ‘ಹೋದ’ ಬೋರ್ಡು ಹಿಂತಿರುಗುವುದುಂಟು. ತೊಳೆಯದೆಯೇ ಕರೆಂಟು ಕೊಟ್ಟು ನೋಡುವ ಆತುರಗಾರರು ಮಾತ್ರ ಆ ತೇವದಲ್ಲಿ ತಾಮ್ರದ ಗೆರೆಗಳನ್ನೇ ಕರಗಿಸಿ, ಕ್ಷಣಿಕವಾದ ದೋಷವನ್ನು ಶಾಶ್ವತವನ್ನಾಗಿ ಮಾಡುತ್ತಾರೆ.

ಗುಂಡಿಗಳ ಕಥೆ ಇನ್ನೂ ವಿನೋದಕರವಾದದ್ದು. ರಬ್ಬರಿನ ಗುಂಡಿಯ ಕೆಳಗೆ ನೀರು ಸೇರಿದರೆ, ಯಾರೂ ಮುಟ್ಟದಿದ್ದರೂ ಯಂತ್ರಕ್ಕೆ ಆ ಗುಂಡಿ ಸದಾ ಒತ್ತಲ್ಪಟ್ಟಿರುವಂತೆ ಭಾಸವಾಗುತ್ತದೆ. ಕರೆಗಂಟೆಯ ಬಟನ್ನಿನ ಮೇಲೆ ಬೆರಳಿಟ್ಟು ಮರೆತವನಿಗೆ ಮನೆಯೊಳಗಿನಿಂದ ಉತ್ತರ ಕೇಳಿಸದಿರುವಂತೆ, ಆ ಯಂತ್ರವೂ ಬೇರೆ ಯಾವ ಆಜ್ಞೆಯನ್ನೂ ಗ್ರಹಿಸಲಾರದು. ಗುಂಡಿಗಳ ಪಟ್ಟಿಯನ್ನು ಬೋರ್ಡಿನಿಂದ ಬಿಡಿಸಿ ಸೆಟ್ಟನ್ನು ಚಾಲೂ ಮಾಡಿದೊಡನೆ ಅದು ಸರಾಗವಾಗಿ ಎದ್ದು ನಕ್ಷೆಯನ್ನು ತೋರಿಸಿದರೆ, ವಿಚಾರಣೆ ಅಲ್ಲಿಗೇ ಮುಗಿಯಿತು.

ಪರದೆ ಕಪ್ಪಾಗಿರುವ ಜಿಪಿಎಸ್ಸಿನ ಜೀವವನ್ನು ಅರಿಯುವುದಕ್ಕೆ ಮತ್ತೊಂದು ಸುಂದರವಾದ ಮಾರ್ಗವಿದೆ. ನೌಕೆಗಳಲ್ಲಿ ಬಳಸುವ ಇಂಥ ಸೆಟ್ಟುಗಳ ಬೆನ್ನಿನಲ್ಲಿ, ಬೇರೆ ಉಪಕರಣಗಳಿಗೆ ಸುದ್ದಿ ಮುಟ್ಟಿಸುವ ತಂತಿಯೊಂದಿರುತ್ತದೆ. ಎನ್‌ಎಂಇಎ 0183 ಎಂಬ ಒಡಂಬಡಿಕೆಯ ಪ್ರಕಾರ, ಸೆಕೆಂಡಿಗೆ 4800 ಬಿಟ್ಟುಗಳ ನಿಧಾನಗತಿಯಲ್ಲಿ, ಡಾಲರ್ ಚಿಹ್ನೆಯಿಂದ ಆರಂಭವಾಗುವ ಸಾಲುಗಳು ಅದರಲ್ಲಿ ಹರಿಯುತ್ತಿರುತ್ತವೆ: ವೇಳೆ, ಅಕ್ಷಾಂಶ, ರೇಖಾಂಶ. ಒಂದು ಹಳೆಯ ಲ್ಯಾಪ್‌ಟಾಪನ್ನು ಆ ತಂತಿಗೆ ಹೊಂದಿಸಿದಾಗ ಸಾಲುಗಳು ಕಾಣಿಸಿಕೊಂಡರೆ, ಒಳಗಿನ ಜೀವ ಕ್ಷೇಮವಾಗಿದೆ, ಪರದೆ ಮಾತ್ರ ಕೆಟ್ಟಿದೆ ಎಂದು ನಿಶ್ಚಯವಾಗಿ ಹೇಳಬಹುದು. ಬೋರ್ಡಿನ ಬೆಲೆ ಕೇಳಿ ಮುಖ ಬಾಡಿದ್ದ ಬೋಟಿನವನಿಗೆ ಪರದೆಯ ಬೆಲೆ ಕೇಳಿ ಸ್ವಲ್ಪ ಉಸಿರು ಬರುತ್ತದೆ.

ಮುಟ್ಟಿ ನೋಡಬಹುದಾದ ಯಂತ್ರದ ಮಾತು ಇಷ್ಟಾಯಿತು. ಮುಟ್ಟಲಾಗದ ದೂರದಲ್ಲಿ ನಿರುತ್ತರವಾದ ಯಂತ್ರವನ್ನು ಏನು ಮಾಡುವುದು? ಈ ಪ್ರಶ್ನೆಯನ್ನು ಎದುರಿಸಿದವರು ಕನ್ನಡನಾಡಿನಲ್ಲಿಯೇ ಇದ್ದಾರೆ. ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳ ಯೋಗಕ್ಷೇಮವನ್ನು ಹಾಸನದ ಪ್ರಧಾನ ನಿಯಂತ್ರಣ ಕೇಂದ್ರ ನೋಡಿಕೊಳ್ಳುತ್ತದೆ. 2018ರ ಮಾರ್ಚ್ 29ರಂದು ಶ್ರೀಹರಿಕೋಟಾದಿಂದ ಮೇಲೇರಿದ ಜಿಸ್ಯಾಟ್-6ಎ ಉಪಗ್ರಹ, ಕಕ್ಷೆಯನ್ನು ಎತ್ತರಿಸುವ ಎರಡನೆಯ ದಹನವನ್ನು ಮಾರ್ಚ್ 31ರಂದು ಯಶಸ್ವಿಯಾಗಿ ಪೂರೈಸಿ, ಮೂರನೆಯದಕ್ಕೆ ಸಿದ್ಧವಾಗಬೇಕಾದ ಹೊತ್ತಿನಲ್ಲಿ ಮಾತು ನಿಲ್ಲಿಸಿತು. ಚಂದ್ರಯಾನ-1 ಕೂಡ 2009ರ ಆಗಸ್ಟ್ 29ರಂದು, ಕಕ್ಷೆಗೆ ಹೊರಟ 312ನೆಯ ದಿನ, ಬೆಂಗಳೂರಿನ ಸಮೀಪದ ಬ್ಯಾಲಾಳುವಿನ ಬೃಹದಾಕಾರದ ಆಂಟೆನಾಗೆ ಓಗೊಡದೆ ಹೋಯಿತು. 2016ರಲ್ಲಿ ಅಮೆರಿಕದ ವಿಜ್ಞಾನಿಗಳು ರೇಡಾರಿನ ಅಲೆಗಳನ್ನು ಕಳಿಸಿ ನೋಡಿದಾಗ, ಆ ನೌಕೆ ಚಂದ್ರನ ಸುತ್ತ ಇನ್ನೂ ಪರಿಭ್ರಮಿಸುತ್ತಿದ್ದುದು ತಿಳಿಯಿತು. ದೇಹವಿದೆ, ದಾರಿ ತಪ್ಪಿಲ್ಲ, ಮಾತಿಲ್ಲ.

ಆದರೆ ದೂರದ ಯಂತ್ರವನ್ನು ಮರಳಿ ಎಬ್ಬಿಸಿದ ಪ್ರಸಂಗಗಳೂ ಇವೆ, ನಮ್ಮ ರಿಪೇರಿಯವರಿಗೆ ಹೆಚ್ಚು ಪ್ರಯೋಜನಕರವಾದವು ಅವೇ. 2004ರ ಜನವರಿ 21ರಂದು ಮಂಗಳಗ್ರಹದ ಮೇಲಿದ್ದ ಸ್ಪಿರಿಟ್ ಎಂಬ ಬಂಡಿ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಅದು ಏಳುವುದು, ತನ್ನ ಫ್ಲಾಶ್ ಸ್ಮೃತಿಯನ್ನು ಓದಲು ಹೋಗಿ ಮುಗ್ಗರಿಸುವುದು, ಮತ್ತೆ ಮೊದಲಿನಿಂದ ಏಳುವುದು, ಹೀಗೆ ಅರವತ್ತಕ್ಕಿಂತಲೂ ಹೆಚ್ಚು ಸಲ ನಡೆಯಿತು. ರಾತ್ರಿ ನಿದ್ರಿಸಬೇಕಾದ ಹೊತ್ತಿನಲ್ಲಿಯೂ ಎಚ್ಚರವಾಗಿದ್ದು ಬ್ಯಾಟರಿಯನ್ನು ಖಾಲಿಮಾಡತೊಡಗಿತು. ಫ್ಲಾಶ್ ಸ್ಮೃತಿಯಲ್ಲಿ ಅಸಂಖ್ಯ ಕಡತಗಳು ತುಂಬಿಕೊಂಡಿದ್ದುದೇ ಇದೆಲ್ಲಕ್ಕೂ ಕಾರಣ. ಫ್ಲಾಶ್ ಸ್ಮೃತಿಯನ್ನು ಮುಟ್ಟದೆಯೇ ಏಳು ಎಂಬ ಆಜ್ಞೆಯನ್ನು ಭೂಮಿಯಿಂದ ಕಳುಹಿಸಿದ ಮೇಲೆ ಅದು ಸ್ವಸ್ಥವಾಗಿ ಎದ್ದಿತು, 2010ರವರೆಗೆ ಬದುಕಿತು. ತಯಾರಕನ ಹೆಸರಿನ ಬಳಿ ನಿಂತುಬಿಡುವ ಜಿಪಿಎಸ್ಸಿಗೂ ಅನೇಕ ವೇಳೆ ಇದೇ ವ್ಯಾಧಿ. ತುಂಬಿದ ಮೆಮೊರಿ ಕಾರ್ಡನ್ನು ಹೊರತೆಗೆದು ಒಮ್ಮೆ ಎಬ್ಬಿಸಿ ನೋಡುವುದಕ್ಕೆ ಕಾಸಿನ ಖರ್ಚೂ ಇಲ್ಲ.

ಅದಕ್ಕಿಂತ ಮುಂಚೆ, 1997ರ ಜುಲೈನಲ್ಲಿ, ಮಂಗಳದಲ್ಲಿಯೇ ಇಳಿದಿದ್ದ ಪಾಥ್‌ಫೈಂಡರ್ ಎಂಬ ನೌಕೆ ಆಗಾಗ ತಾನೇ ರೀಸೆಟ್ ಆಗತೊಡಗಿತ್ತು. ಕಾರ್ಯನಿರತ ಪ್ರೋಗ್ರಾಮು ನಿಗದಿತ ಅವಧಿಯೊಳಗೆ ‘ಕ್ಷೇಮ’ ಎಂದು ವರದಿ ಕೊಡದಿದ್ದರೆ ಇಡೀ ಯಂತ್ರವನ್ನು ಮತ್ತೆ ಮೊದಲಿನಿಂದ ಆರಂಭಿಸುವ ಕಾವಲು ಗಡಿಯಾರವೊಂದು, ವಾಚ್‌ಡಾಗ್ ಎಂಬ ಹೆಸರಿನದು, ಅದರಲ್ಲಿತ್ತು. ಹವಾಮಾನದ ಮಾಹಿತಿಯನ್ನು ಕೂಡಿಡುವ ಅಮುಖ್ಯ ಕಾರ್ಯವೊಂದು ಎಲ್ಲರಿಗೂ ಬೇಕಾದ ಒಂದು ಕೀಲಿಯನ್ನು ಹಿಡಿದುಕೊಂಡಿರುವಾಗಲೇ, ಮಧ್ಯಮ ದರ್ಜೆಯ ಕಾರ್ಯವೊಂದು ಅದನ್ನು ಪಕ್ಕಕ್ಕೆ ತಳ್ಳಿ ನುಗ್ಗುತ್ತಿತ್ತು. ಕೀಲಿಗಾಗಿ ಕಾದ ಅತ್ಯಂತ ಮುಖ್ಯ ಕಾರ್ಯವು ಕಾಯುತ್ತಲೇ ಉಳಿದು, ಕಾವಲು ಗಡಿಯಾರದ ಸಹನೆ ಮೀರುತ್ತಿತ್ತು. ಇಂಜಿನಿಯರುಗಳು ಮಂಗಳದ ಯಂತ್ರವನ್ನು ಕೆಣಕಲಿಲ್ಲ. ತಮ್ಮ ಬಳಿಯಿದ್ದ ತದ್ರೂಪದ ಯಂತ್ರದಲ್ಲಿ ಅದೇ ದೋಷವು ಮರುಕಳಿಸುವವರೆಗೆ ಪ್ರಯೋಗ ನಡೆಸಿ, ಕಾರಣ ಕಂಡ ಮೇಲೆಯೇ ಪರಿಹಾರವನ್ನು ಅಲ್ಲಿಗೆ ಕಳುಹಿಸಿದರು. ಅನುಭವಸ್ಥ ರಿಪೇರಿಯವನು ಅದೇ ಮಾಡೆಲ್ಲಿನ ಹಳೆಯ ಬೋರ್ಡುಗಳನ್ನು ಬಿಸಾಡದೆ ಕೂಡಿಟ್ಟು, ಕೆಟ್ಟದ್ದನ್ನೂ ಒಳ್ಳೆಯದನ್ನೂ ಅಕ್ಕಪಕ್ಕದಲ್ಲಿರಿಸಿ ಬಿಂದುಬಿಂದುವಿನಲ್ಲಿ ವೋಲ್ಟೇಜನ್ನು ಹೋಲಿಸುವಾಗ ನಡೆಸುವುದೂ ಇದೇ ಬಗೆಯ ವಿಚಾರಣೆ.

ಎಲ್ಲಕ್ಕಿಂತ ಕಠಿಣವಾದ ದೋಷವೆಂದರೆ ಬಂದು ಹೋಗುವ ದೋಷ. ಮೇಜಿನ ಮೇಲೆ ಇಡೀ ದಿನ ನಿರಾತಂಕವಾಗಿ ನಡೆದ ಸೆಟ್ಟು, ಬೋಟಿಗೆ ಮರಳಿ ಏರಿಸಿದೊಡನೆ ಸುಮ್ಮನಾಗುತ್ತದೆ. ರಿಪೇರಿಯವನನ್ನು ಬೈಯುವುದಕ್ಕೆ ಇದು ಪ್ರಶಸ್ತ ಸಮಯವೆಂದು ಬೋಟಿನವರು ಭಾವಿಸುವುದು ಸಹಜ. ಆದರೆ ಇಂಜಿನ್ನಿನ ಕಂಪನ, ಆಂಟೆನಾದ ಕೇಬಲ್ಲಿನೊಳಗೆ ಇಳಿದ ನೀರು, ಆಲ್ಟರ್ನೇಟರಿನ ವಿದ್ಯುತ್ ಗದ್ದಲ, ಇವೊಂದೂ ಪೇಟೆಯ ಅಂಗಡಿಗೆ ಬರುವುದಿಲ್ಲ. ಬಂದರಿಗೆ ಹೋಗಿ ಬೋಟು ಹತ್ತಿ ಇಂಜಿನ್ ಚಾಲೂ ಮಾಡಿಸಿ ನೋಡದವನು ಅರ್ಧ ರಿಪೇರಿ ಮಾಡಿದವನೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆ ಬಂದವನ ಕೂಲಿಯನ್ನು ಚೌಕಾಶಿ ಮಾಡುವ ಒಡೆಯನೂ ಅಷ್ಟೇ ತಪ್ಪಿತಸ್ಥ.

ಕೆಲವೊಮ್ಮೆ ತಪ್ಪು ಯಂತ್ರದಲ್ಲಿಯೂ ಇರುವುದಿಲ್ಲ, ಬೋಟಿನಲ್ಲಿಯೂ ಇರುವುದಿಲ್ಲ. ಜಿಪಿಎಸ್ ಉಪಗ್ರಹಗಳು ವಾರಗಳನ್ನು ಹತ್ತು ಬಿಟ್ಟುಗಳಲ್ಲಿ ಎಣಿಸುತ್ತ ಬಂದಿರುವುದರಿಂದ, 1024 ವಾರಗಳಿಗೊಮ್ಮೆ ಎಣಿಕೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹಾಗಾಯಿತು. ಅದಕ್ಕೆ ಸಿದ್ಧತೆಯಿಲ್ಲದ ಹಳೆಯ ಸೆಟ್ಟುಗಳ ತಾರೀಖು ಸುಮಾರು ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಸರಿಯುತ್ತದೆ. ಸ್ಥಳ ಸರಿಯಾಗಿ ತೋರಿಸುತ್ತಿದ್ದರೆ ಅಂಥ ಸೆಟ್ಟನ್ನು ಕೆಟ್ಟದ್ದೆಂದು ಮಾರಿಬಿಡಬೇಕಾಗಿಲ್ಲ. ಮುಂದಿನ ಸರದಿ 2038ರ ನವೆಂಬರಿನಲ್ಲಿ.

ರಿಪೇರಿಯವನ ಕೈ ಕಟ್ಟುವ ಇನ್ನೊಂದು ಸಂಗತಿಯೂ ಇದೆ. ಹಳೆಯ ವಾಲ್ವ್ ರೇಡಿಯೋಗಳ ಬೆನ್ನಿನ ಹಲಗೆಯ ಒಳಮೈಗೆ ಅವುಗಳ ಸರ್ಕ್ಯೂಟಿನ ನಕ್ಷೆಯನ್ನು ಅಂಟಿಸಿ ಕೊಡುವ ಸಂಪ್ರದಾಯವೊಂದಿತ್ತು. ರಿಪೇರಿಯಾಗಲೆಂಬ ಉದ್ದೇಶದಿಂದಲೇ ವಸ್ತುಗಳು ತಯಾರಾಗುತ್ತಿದ್ದ ಕಾಲವದು. ಇಂದಿನ ತಯಾರಕರು ನಕ್ಷೆಯನ್ನು ಗುಟ್ಟಾಗಿಡುತ್ತಾರೆ, ಐಸಿಯ ಮೇಲಿನ ಸಂಖ್ಯೆಯನ್ನು ಕೆಲವರು ಉಜ್ಜಿ ಅಳಿಸುತ್ತಾರೆ. ರಿಪೇರಿಯ ಹಕ್ಕಿನ ವಿಚಾರವಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿಯೊಂದನ್ನು ರಚಿಸಿದೆ. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ, ಈ ನಾಲ್ಕು ವರ್ಗಗಳು ಅದರ ಗಮನಕ್ಕೆ ಬಂದಿವೆ. ಮೀನುಗಾರನ ಉಪಕರಣಗಳು ಆ ಪಟ್ಟಿಗೆ ಸೇರಬೇಕು. ಮೊಬೈಲು ಕೆಟ್ಟರೆ ಮನುಷ್ಯನಿಗೆ ಬೇಸರವಾಗುತ್ತದೆ. ನೇತ್ರಾಣಿ ದ್ವೀಪದಾಚೆ ವಯರ್‌ಲೆಸ್ ಕೆಟ್ಟರೆ ಆಗುವುದು ಬೇರೆ.

ಆದುದರಿಂದ ಬೋಟಿನವರಲ್ಲಿ ನನ್ನ ಬಿನ್ನಹವಿಷ್ಟೆ. ಮೇ ಕೊನೆಯಲ್ಲಿ ಬೋಟು ದಡ ಸೇರಿದೊಡನೆ ಮೂರೂ ಸೆಟ್ಟುಗಳನ್ನು ಬಿಚ್ಚಿ ಮನೆಯ ಒಣ ಜಾಗಕ್ಕೆ ತನ್ನಿ. ಜಿಪಿಎಸ್ಸಿನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಬಂಡೆಯ, ಬಲೆ ಹರಿಯುವ ಜಾಗದ, ಮೀನಿನ ‘ಪಾಯಿಂಟು’ಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಏಕೆಂದರೆ ಒಳಗಿನ ಪುಟ್ಟ ಬ್ಯಾಟರಿ ಸತ್ತರೆ ಅವೂ ಹೋಗುವ ಸಂಭವವಿದೆ. ಜುಲೈ ನಡುವಿನಲ್ಲಿ ಒಮ್ಮೆ ಎಲ್ಲವನ್ನೂ ಚಾಲೂ ಮಾಡಿ ನೋಡಿ. ಏಳದಿದ್ದರೆ ರಿಪೇರಿಯವನಿಗೆ ಎರಡು ವಾರದ ಅವಕಾಶ ಕೊಡಿ. ಬಹಳ ದಿನ ಆರಿದ್ದ ಜಿಪಿಎಸ್ಸಿಗೆ ಉಪಗ್ರಹಗಳ ಪಂಚಾಂಗವನ್ನು ಪೂರ್ತಿ ಕೇಳಿಸಿಕೊಳ್ಳಲು ಹನ್ನೆರಡೂವರೆ ನಿಮಿಷ ಬೇಕು, ಅಷ್ಟು ಹೊತ್ತು ಬಯಲಿನಲ್ಲಿಟ್ಟು ಕಾಯದೆ ಅದನ್ನು ಸತ್ತಿತೆಂದು ತೀರ್ಮಾನಿಸಬೇಡಿ. ಕಡಲಿನಲ್ಲಿ ಅಪಾಯವೊದಗಿದಾಗ ಕರೆಯಬೇಕಾದ ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 1554. ಅದನ್ನು ಚುಕ್ಕಾಣಿಯ ಕೋಣೆಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸಿಡಿ.